ಜೈನ ಸಮುದಾಯ: ಅಲ್ಪಸಂಖ್ಯಾತ ಸ್ಥಾನಮಾನ ಹಾಗೂ ಅನ್ವಯವಾಗುವ ಕಾನೂನುಗಳು

ಪೀಠಿಕೆ

ಜೈನ ಧರ್ಮೀಯರು ಕಾನೂನಿನ ದೃಷ್ಟಿಯಲ್ಲಿ ಹಿಂದೂಗಳೋ ಅಥವಾ ಪ್ರತ್ಯೇಕ ಅಲ್ಪಸಂಖ್ಯಾತ ಸಮುದಾಯದವರೋ ಎಂಬ ಪ್ರಶ್ನೆಯನ್ನು ಸಾರ್ವಜನಿಕರು ಆಗಾಗ್ಗೆ ಕೇಳುತ್ತಿರುತ್ತಾರೆ. ವಿದ್ಯಾರ್ಥಿ ವೇತನದ ಅರ್ಜಿ ತುಂಬುವಾಗ, ವಿವಾಹ ನೋಂದಣಿಯ ಸಂದರ್ಭದಲ್ಲಿ, ಆಸ್ತಿ ವಿಭಾಗದ ವ್ಯಾಜ್ಯಗಳಲ್ಲಿ ಹಾಗೂ ಶಿಕ್ಷಣ ಸಂಸ್ಥೆಯ ಮಾನ್ಯತೆಯ ಕಡತಗಳಲ್ಲಿ ಈ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಉದ್ಭವಿಸುತ್ತದೆ. ಒಂದು ಕಚೇರಿಯಲ್ಲಿ ದೊರೆತ ಉತ್ತರವು ಮತ್ತೊಂದು ಕಚೇರಿಯಲ್ಲಿ ದೊರೆತ ಉತ್ತರಕ್ಕೆ ವಿರುದ್ಧವಾಗಿದೆಯೆಂದು ಅರ್ಜಿದಾರರಿಗೆ ಭಾಸವಾಗುವುದು ಸಹಜ. ವಾಸ್ತವವಾಗಿ ಎರಡೂ ಉತ್ತರಗಳು ಸರಿಯಾಗಿರಬಹುದು. ಧರ್ಮದ ದೃಷ್ಟಿಯಿಂದ ಜೈನರು ಪ್ರತ್ಯೇಕ ಸಮುದಾಯ. ಕೇಂದ್ರ ಸರ್ಕಾರದ ಅಧಿಸೂಚನೆಯ ಮೇರೆಗೆ ಅಲ್ಪಸಂಖ್ಯಾತರು. ವಿವಾಹ, ದತ್ತಕ, ಉತ್ತರಾಧಿಕಾರ ಮುಂತಾದ ಕೌಟುಂಬಿಕ ವಿಷಯಗಳಲ್ಲಿ ಮಾತ್ರ ಹಿಂದೂ ಕಾನೂನು ಅವರಿಗೂ ಅನ್ವಯಿಸುತ್ತದೆ. ಈ ಮೂರು ಸಂಗತಿಗಳಲ್ಲಿ ಒಂದು ಮತ್ತೊಂದನ್ನು ರದ್ದುಪಡಿಸುವುದಿಲ್ಲ. ಇವು ಹೇಗೆ ಒಟ್ಟಿಗೆ ನಿಂತಿವೆ ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶವಾಗಿದೆ.

ಜನಸಂಖ್ಯೆ ಮತ್ತು ನೆಲೆ

2011ರ ಜನಗಣತಿಯ ಪ್ರಕಾರ ದೇಶದಲ್ಲಿ ಜೈನರ ಸಂಖ್ಯೆ 44,51,753. ಇದು ಒಟ್ಟು ಜನಸಂಖ್ಯೆಯ ಶೇಕಡ 0.37ರಷ್ಟು. ಕರ್ನಾಟಕದಲ್ಲಿ 4,40,280 ಮಂದಿ ಜೈನರಿದ್ದು, ರಾಜ್ಯದ ಜನಸಂಖ್ಯೆಯಲ್ಲಿ ಅವರ ಪ್ರಮಾಣ ಶೇಕಡ 0.72 ಆಗಿರುತ್ತದೆ. ಅಂದರೆ ದೇಶದ ಜೈನರಲ್ಲಿ ಸುಮಾರು ಹತ್ತರಲ್ಲೊಬ್ಬರು ಈ ರಾಜ್ಯದವರು. ಯಾವ ರಾಜ್ಯದಲ್ಲಿಯೂ ಜೈನರು ಬಹುಸಂಖ್ಯಾತರಾಗಿಲ್ಲ.

ಜೈನರೆಂದರೆ ವರ್ತಕರು, ಪಟ್ಟಣವಾಸಿಗಳು, ಅನುಕೂಲಸ್ಥರು ಎಂಬ ಕಲ್ಪನೆ ವ್ಯಾಪಕವಾಗಿದೆ. ರಾಷ್ಟ್ರಮಟ್ಟದ ಅಂಕಿಅಂಶಗಳು ಈ ಕಲ್ಪನೆಗೆ ಪುಷ್ಟಿ ನೀಡುತ್ತವೆ. 2001ರ ಜನಗಣತಿಯಲ್ಲಿ ಜೈನರ ಸಾಕ್ಷರತೆ ಶೇಕಡ 94.1 ಇದ್ದು, ಎಲ್ಲ ಧರ್ಮೀಯರಿಗಿಂತ ಅಧಿಕವಾಗಿತ್ತು. ಆದರೆ ಕರ್ನಾಟಕದ ಸ್ಥಿತಿಯನ್ನು ಈ ಸರಾಸರಿಯಿಂದ ಅಳೆಯಲು ಬರುವುದಿಲ್ಲ. ರಾಜ್ಯದಲ್ಲಿ ಜೈನರ ಸಂಖ್ಯೆ ಅತಿ ಹೆಚ್ಚಾಗಿರುವುದು ಬೆಳಗಾವಿ ಜಿಲ್ಲೆಯಲ್ಲಿ. ಅಲ್ಲಿನ ಚತುರ್ಥ ಹಾಗೂ ಪಂಚಮ ಪಂಗಡಗಳ ಕುಟುಂಬಗಳಲ್ಲಿ ಬಹುಪಾಲು ತಲೆಮಾರುಗಳಿಂದ ಬೇಸಾಯವನ್ನೇ ನಂಬಿಕೊಂಡು ಬಂದಿವೆ. ಕರಾವಳಿಯ ಜೈನ ಕುಟುಂಬಗಳೂ ಭೂಮಿಯನ್ನು ಅವಲಂಬಿಸಿದ್ದವು. ಬಸದಿಗಳಲ್ಲಿ ಪೂಜೆ ನಡೆಸುವ ಇಂದ್ರರ ಮನೆತನಗಳ ಆದಾಯ ಎಂದೂ ಹೆಚ್ಚಿನದಾಗಿರಲಿಲ್ಲ. ಬೆಂಗಳೂರು, ಹುಬ್ಬಳ್ಳಿ ಮುಂತಾದ ನಗರಗಳಲ್ಲಿ ವ್ಯಾಪಾರ ನಡೆಸುವ ಶ್ವೇತಾಂಬರ ಕುಟುಂಬಗಳು ಬಹುತೇಕ ರಾಜಸ್ಥಾನ, ಗುಜರಾತ್‌ಗಳಿಂದ ಬಂದು ನೆಲೆಸಿದವರು. "ಜೈನರಿಗೆ ವಿದ್ಯಾರ್ಥಿ ವೇತನವೇಕೆ?" ಎಂದು ಕೇಳುವವರು ಒಣಬೇಸಾಯದ ಎರಡೆಕರೆ ಜಮೀನಿನ ಅರ್ಜಿದಾರನನ್ನು ಕಂಡಿರುವುದಿಲ್ಲ. ವಿದ್ಯಾರ್ಥಿ ವೇತನಕ್ಕೆ ಆದಾಯ ಮಿತಿಯನ್ನು ನಿಗದಿಪಡಿಸಿರುವುದು ಈ ಕಾರಣದಿಂದಲೇ.

ಬುಕ್ಕರಾಯನ 1368ರ ಶಾಸನ

ಕಡಿಮೆ ಸಂಖ್ಯೆಯ ಧರ್ಮೀಯರ ರಕ್ಷಣೆಯ ಹೊಣೆ ರಾಜ್ಯಾಡಳಿತದ್ದು ಎಂಬ ಕಲ್ಪನೆ ಸಂವಿಧಾನದಿಂದಲೇ ಆರಂಭವಾದುದಲ್ಲ. ಶ್ರವಣಬೆಳಗೊಳದ ಭಂಡಾರಿ ಬಸದಿಯಲ್ಲಿರುವ ಕ್ರಿ.ಶ. 1368ರ ಶಾಸನ ಈ ವಿಷಯದಲ್ಲಿ ಗಮನಾರ್ಹವಾಗಿದೆ. ಇದೇ ವಿಷಯದ ಶಾಸನ ಮಾಗಡಿ ತಾಲ್ಲೂಕಿನ ಕಲ್ಯದಲ್ಲಿಯೂ ಇದೆ. ಜೈನರಿಗೂ ಶ್ರೀವೈಷ್ಣವರಿಗೂ ವಿವಾದವುಂಟಾದಾಗ, ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಯ ಮುಂತಾದ ನಾಡುಗಳ ಜೈನರು ವಿಜಯನಗರದ ಅರಸನಾದ ಬುಕ್ಕರಾಯನಿಗೆ ದೂರು ಸಲ್ಲಿಸಿದರು. ಅರಸನು ಉಭಯ ಪಕ್ಷಗಳ ಪ್ರಮುಖರನ್ನು ಕರೆಸಿ, ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿರಿಸಿ, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ತೀರ್ಪಿತ್ತನು. ಜೈನರಿಗೆ ಮೊದಲಿನಂತೆ ಪಂಚಮಹಾವಾದ್ಯ ಹಾಗೂ ಕಲಶದ ಮರ್ಯಾದೆ ಸಲ್ಲತಕ್ಕದ್ದೆಂದೂ, ಜೈನರಿಗಾಗುವ ಹಾನಿಯನ್ನು ವೈಷ್ಣವರು ತಮ್ಮದೇ ಹಾನಿಯೆಂದು ತಿಳಿಯತಕ್ಕದ್ದೆಂದೂ ಶಾಸನ ವಿಧಿಸಿತು.

ಈ ಶಾಸನದಲ್ಲಿ ತೀರ್ಪಿನಷ್ಟೇ ಮುಖ್ಯವಾದುದು ಅದರ ಜಾರಿಗೆ ಮಾಡಿದ ಏರ್ಪಾಡು. ರಾಜ್ಯದಲ್ಲಿನ ಜೈನರ ಪ್ರತಿ ಮನೆಯಿಂದ ವರ್ಷಕ್ಕೆ ಒಂದು ಹಣವನ್ನು ಸಂಗ್ರಹಿಸಿ, ಬೆಳಗೊಳದ ದೇವರ ಕಾವಲಿಗೆ ಇಪ್ಪತ್ತು ಮಂದಿ ಕಾವಲುಗಾರರನ್ನು ನೇಮಿಸಬೇಕು. ಉಳಿದ ಹಣದಿಂದ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಸಿ ದುರಸ್ತಿ ಮಾಡಿಸಬೇಕು. ಸಂಗ್ರಹದ ಹೊಣೆಯನ್ನು ವಹಿಸಿದ್ದು ತಿರುಮಲೆಯ ತಾತಯ್ಯನೆಂಬ ವೈಷ್ಣವ ಆಚಾರ್ಯನಿಗೆ. ಸಂಪನ್ಮೂಲ, ಸಿಬ್ಬಂದಿ, ಉಳಿಕೆ ಮೊತ್ತದ ವಿನಿಯೋಗ, ಹೊಣೆಗಾರ ವ್ಯಕ್ತಿ, ಇವೆಲ್ಲವನ್ನೂ ಸ್ಪಷ್ಟವಾಗಿ ನಮೂದಿಸಿರುವ ಈ ಶಾಸನ ಲೆಕ್ಕಪತ್ರದ ದೃಷ್ಟಿಯಿಂದಲೂ ಅಚ್ಚುಕಟ್ಟಾದ ಆದೇಶವೆಂದು ಹೇಳಬೇಕು. ಕೇವಲ ಆಶ್ವಾಸನೆಯಿಂದ ಬಸದಿಗೆ ಕಾವಲು ದೊರೆಯುವುದಿಲ್ಲವೆಂಬುದು ಆ ಕಾಲದ ಆಡಳಿತಗಾರರಿಗೂ ತಿಳಿದಿತ್ತು.

ಬ್ರಿಟಿಷ್ ಆಳ್ವಿಕೆಯ ನ್ಯಾಯಾಲಯಗಳ ನಿಲುವು

ಬ್ರಿಟಿಷ್ ಆಳ್ವಿಕೆಯಲ್ಲಿ ಉತ್ತರಾಧಿಕಾರದ ವ್ಯಾಜ್ಯಗಳನ್ನು ಕಕ್ಷಿದಾರರ ಧರ್ಮಕ್ಕನುಸಾರವಾಗಿ ಇತ್ಯರ್ಥಪಡಿಸಬೇಕಾಗಿತ್ತು. ಜೈನರಿಗೆ ಯಾವ ಕಾನೂನು ಎಂಬ ಪ್ರಶ್ನೆ ಬಂದಾಗ, ವಿರುದ್ಧವಾದ ರೂಢಿಯು ಸಾಬೀತಾಗದ ಹೊರತು ಹಿಂದೂ ಕಾನೂನೇ ಅನ್ವಯಿಸುತ್ತದೆಂಬ ಸೂತ್ರವನ್ನು ನ್ಯಾಯಾಲಯಗಳು ಅನುಸರಿಸಿದವು. ರೂಢಿ ಸಾಬೀತಾದಲ್ಲಿ ಅದಕ್ಕೆ ಮನ್ನಣೆ ದೊರೆಯುತ್ತಿತ್ತು. 1878ರ ಶಿವಸಿಂಗ್ ರಾಯ್ ವಿರುದ್ಧ ದಾಖೋ ಮೊಕದ್ದಮೆಯಲ್ಲಿ, ಗಂಡನ ಅನುಮತಿಯಿಲ್ಲದೆಯೇ ದತ್ತು ಸ್ವೀಕರಿಸಲು ಜೈನ ವಿಧವೆಗೆ ರೂಢಿಯ ಮೇರೆಗೆ ಹಕ್ಕಿದೆಯೆಂದು ಪ್ರಿವಿ ಕೌನ್ಸಿಲ್ ಒಪ್ಪಿತು. ಆ ಕಾಲದ ಇತರ ಹಿಂದೂ ವಿಧವೆಯರಿಗೆ ಬಹಳಷ್ಟು ಪ್ರಾಂತಗಳಲ್ಲಿ ಈ ಸ್ವಾತಂತ್ರ್ಯವಿರಲಿಲ್ಲ.

1927ರಲ್ಲಿ ಮದರಾಸು ಉಚ್ಚ ನ್ಯಾಯಾಲಯವು ಗಟೆಪ್ಪ ವಿರುದ್ಧ ಎರಮ್ಮ ಮೊಕದ್ದಮೆಯಲ್ಲಿ ಈ ಸೂತ್ರದ ತಳಹದಿಯನ್ನೇ ಪರಾಮರ್ಶಿಸಿತು. ಜೈನರು ಹಿಂದೂ ಧರ್ಮದಿಂದ ಭಿನ್ನಮತ ತಳೆದು ಹೊರಬಂದವರೆಂಬ ಹಳೆಯ ಗ್ರಹಿಕೆ ಸಂಶೋಧನೆಗೆ ನಿಲ್ಲುವುದಿಲ್ಲ, ಜೈನ ಧರ್ಮದ ಇತಿಹಾಸ ಸ್ಮೃತಿಗಳಿಗಿಂತ ಬಹಳ ಹಿಂದಿನದು ಎಂದು ನ್ಯಾಯಮೂರ್ತಿ ಕುಮಾರಸ್ವಾಮಿ ಶಾಸ್ತ್ರಿಯವರು ಅಭಿಪ್ರಾಯಪಟ್ಟರು. ಆದಾಗ್ಯೂ ಅದುವರೆಗಿನ ತೀರ್ಪುಗಳ ಪರಂಪರೆಯನ್ನು ಬದಲಿಸಲಿಲ್ಲ. ಧರ್ಮ ಪ್ರತ್ಯೇಕ, ಅನ್ವಯಿಸುವ ಕಾನೂನು ಸಮಾನ ಎಂಬ ಇಂದಿನ ಸ್ಥಿತಿಯ ಬೀಜವನ್ನು ಈ ತೀರ್ಪಿನಲ್ಲಿ ಕಾಣಬಹುದು.

ಸಂವಿಧಾನದ ಉಪಬಂಧಗಳು

ಸಂವಿಧಾನದ ಅನುಚ್ಛೇದ 25 ಪ್ರತಿಯೊಬ್ಬ ವ್ಯಕ್ತಿಗೂ ಅಂತಃಸಾಕ್ಷಿಯ ಸ್ವಾತಂತ್ರ್ಯವನ್ನೂ, ಧರ್ಮವನ್ನು ಅವಲಂಬಿಸುವ, ಆಚರಿಸುವ ಹಾಗೂ ಪ್ರಸಾರ ಮಾಡುವ ಹಕ್ಕನ್ನೂ ನೀಡಿದೆ. ಈ ಹಕ್ಕು ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ ಹಾಗೂ ಆರೋಗ್ಯಕ್ಕೆ ಒಳಪಟ್ಟಿರುತ್ತದೆ. ಅನುಚ್ಛೇದ 26 ಧಾರ್ಮಿಕ ಪಂಗಡಗಳಿಗೆ ತಮ್ಮ ಧಾರ್ಮಿಕ ವ್ಯವಹಾರಗಳನ್ನು ನಿರ್ವಹಿಸುವ ಹಕ್ಕನ್ನು ಕಲ್ಪಿಸಿದೆ. ಈ ಎರಡು ಅನುಚ್ಛೇದಗಳು ಬಹುಸಂಖ್ಯಾತರಿಗೂ ಅಲ್ಪಸಂಖ್ಯಾತರಿಗೂ ಸಮಾನವಾಗಿ ಅನ್ವಯಿಸುತ್ತವೆ. ಅನುಚ್ಛೇದ 30 ಮಾತ್ರ ಅಲ್ಪಸಂಖ್ಯಾತರಿಗೇ ಮೀಸಲಾದದ್ದು. ಅದು ಧರ್ಮ ಅಥವಾ ಭಾಷೆಯ ಆಧಾರದ ಅಲ್ಪಸಂಖ್ಯಾತರಿಗೆ ತಮ್ಮ ಇಚ್ಛೆಯ ಶಿಕ್ಷಣ ಸಂಸ್ಥೆಗಳನ್ನು ಸ್ಥಾಪಿಸಿ ಆಡಳಿತ ನಡೆಸುವ ಹಕ್ಕನ್ನು ನೀಡುತ್ತದೆ.

ಗೊಂದಲಕ್ಕೆ ಮೂಲವಾಗಿರುವುದು ಅನುಚ್ಛೇದ 25ರ ಎರಡನೆಯ ವಿವರಣೆ. ಹಿಂದೂ ಸ್ವರೂಪದ ಸಾರ್ವಜನಿಕ ಧಾರ್ಮಿಕ ಸಂಸ್ಥೆಗಳನ್ನು ಹಿಂದೂಗಳ ಎಲ್ಲ ವರ್ಗಗಳಿಗೆ ಮುಕ್ತಗೊಳಿಸಲು ಹಾಗೂ ಸಮಾಜ ಸುಧಾರಣೆಗಾಗಿ ಕಾನೂನು ರಚಿಸಲು ಅದರ ಖಂಡ (2)(ಬಿ) ಅವಕಾಶ ನೀಡುತ್ತದೆ. ಆ ಉಪಖಂಡದಲ್ಲಿ ಹಿಂದೂಗಳು ಎಂಬ ಉಲ್ಲೇಖವು ಸಿಖ್, ಜೈನ ಹಾಗೂ ಬೌದ್ಧ ಧರ್ಮಗಳನ್ನು ಅವಲಂಬಿಸುವವರನ್ನೂ ಒಳಗೊಳ್ಳುತ್ತದೆಂದು ವಿವರಣೆ ಹೇಳುತ್ತದೆ. ವಿವರಣೆಯ ವ್ಯಾಪ್ತಿ ಆ ಒಂದು ಉಪಖಂಡಕ್ಕೆ ಸೀಮಿತ. ಈ ಮೂರು ಧರ್ಮಗಳು ಹಿಂದೂ ಧರ್ಮದ ಶಾಖೆಗಳೆಂದು ಅದು ಎಲ್ಲಿಯೂ ಘೋಷಿಸಿಲ್ಲ. ಸಂವಿಧಾನ ಜಾರಿಗೆ ಬಂದ ಕೆಲವೇ ದಿನಗಳಲ್ಲಿ, 1950ರ ಜನವರಿ ಅಂತ್ಯದಲ್ಲಿ, ಜೈನ ನಿಯೋಗವೊಂದು ಇದೇ ಆತಂಕವನ್ನು ವ್ಯಕ್ತಪಡಿಸಿದಾಗ ಪ್ರಧಾನಮಂತ್ರಿಗಳ ಕಚೇರಿಯು ಇದೇ ಅರ್ಥ ಬರುವ ಲಿಖಿತ ಉತ್ತರವನ್ನು ನೀಡಿತ್ತು.

1954ರಲ್ಲಿ ಸರ್ವೋಚ್ಚ ನ್ಯಾಯಾಲಯವು ಧಾರ್ಮಿಕ ಸ್ವಾತಂತ್ರ್ಯದ ಬಗ್ಗೆ ಎರಡು ಮಹತ್ವದ ತೀರ್ಪುಗಳನ್ನು ನೀಡಿತು. ಅವುಗಳಲ್ಲೊಂದು ಉಡುಪಿಯ ಶಿರೂರು ಮಠದ ಮೊಕದ್ದಮೆ. ಮತ್ತೊಂದು ಮುಂಬಯಿ ಪ್ರಾಂತದ ಜೈನ ಧರ್ಮದತ್ತಿಗೆ ಸಂಬಂಧಿಸಿದ ರತಿಲಾಲ್ ಪಾನಾಚಂದ್ ಗಾಂಧಿ ಮೊಕದ್ದಮೆ. ದತ್ತಿಯ ಆಡಳಿತವನ್ನು ಸರ್ಕಾರವು ಕಾನೂನಿನ ಮೂಲಕ ನಿಯಂತ್ರಿಸಬಹುದು, ಆದರೆ ಆಡಳಿತದ ಹಕ್ಕನ್ನು ಪಂಗಡದಿಂದ ಸಂಪೂರ್ಣವಾಗಿ ಕಿತ್ತುಕೊಂಡು ಬೇರೊಬ್ಬರಿಗೆ ವಹಿಸುವಂತಿಲ್ಲ ಎಂದು ಎರಡನೆಯ ಮೊಕದ್ದಮೆಯಲ್ಲಿ ತೀರ್ಮಾನವಾಯಿತು.

1992ರ ಅಧಿನಿಯಮದಿಂದ 2014ರ ಅಧಿಸೂಚನೆಯವರೆಗೆ

ಸಂವಿಧಾನದಲ್ಲಿ ಅಲ್ಪಸಂಖ್ಯಾತ ಎಂಬ ಪದಕ್ಕೆ ವ್ಯಾಖ್ಯೆಯಿಲ್ಲ. ಅಲ್ಪಸಂಖ್ಯಾತರ ರಾಷ್ಟ್ರೀಯ ಆಯೋಗ ಅಧಿನಿಯಮ, 1992ರ ಕಲಂ 2(ಸಿ) ಪ್ರಕಾರ ಕೇಂದ್ರ ಸರ್ಕಾರವು ಅಧಿಸೂಚಿಸಿದ ಸಮುದಾಯವೇ ಆ ಅಧಿನಿಯಮದ ಉದ್ದೇಶಕ್ಕೆ ಅಲ್ಪಸಂಖ್ಯಾತ ಸಮುದಾಯವಾಗಿರುತ್ತದೆ. ದಿನಾಂಕ 23-10-1993ರ ಅಧಿಸೂಚನೆಯಲ್ಲಿ ಮುಸ್ಲಿಂ, ಕ್ರೈಸ್ತ, ಸಿಖ್, ಬೌದ್ಧ ಹಾಗೂ ಪಾರ್ಸಿ, ಈ ಐದು ಸಮುದಾಯಗಳನ್ನು ಹೆಸರಿಸಲಾಯಿತು. ಜೈನರ ಹೆಸರು ಅದರಲ್ಲಿರಲಿಲ್ಲ. ಮರುವರ್ಷವೇ ಆಯೋಗವು ಜೈನರನ್ನು ಸೇರಿಸಲು ಶಿಫಾರಸು ಮಾಡಿದರೂ ಅಧಿಸೂಚನೆ ಹೊರಬರಲಿಲ್ಲ.

ಈ ನಡುವೆ 31-10-2002ರಂದು ಟಿ.ಎಂ.ಎ. ಪೈ ಪ್ರತಿಷ್ಠಾನ ವಿರುದ್ಧ ಕರ್ನಾಟಕ ರಾಜ್ಯ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯದ 11 ನ್ಯಾಯಮೂರ್ತಿಗಳ ಪೀಠವು ತೀರ್ಪು ನೀಡಿತು. ಮಣಿಪಾಲದ ಸಂಸ್ಥೆಯೊಂದರಿಂದ ಆರಂಭವಾದ ಈ ಮೊಕದ್ದಮೆ ಇಡೀ ದೇಶಕ್ಕೆ ಮಾರ್ಗದರ್ಶಿಯಾಯಿತು. ಅನುಚ್ಛೇದ 30ರ ಉದ್ದೇಶಕ್ಕಾಗಿ ಧಾರ್ಮಿಕ ಹಾಗೂ ಭಾಷಾ ಅಲ್ಪಸಂಖ್ಯಾತರನ್ನು ಗುರುತಿಸುವಾಗ ರಾಜ್ಯವನ್ನೇ ಘಟಕವಾಗಿ ಪರಿಗಣಿಸಬೇಕೆಂದು ಅದರಲ್ಲಿ ತೀರ್ಮಾನಿಸಲಾಯಿತು. 8-8-2005ರಂದು ಬಾಲ್ ಪಾಟೀಲ್ ಮೊಕದ್ದಮೆಯಲ್ಲಿ ಜೈನರನ್ನು ಅಧಿಸೂಚಿಸುವಂತೆ ಕೇಂದ್ರ ಸರ್ಕಾರಕ್ಕೆ ನಿರ್ದೇಶನ ನೀಡಲು ಸರ್ವೋಚ್ಚ ನ್ಯಾಯಾಲಯ ನಿರಾಕರಿಸಿತು. ಅಷ್ಟರಲ್ಲಾಗಲೇ ಹಲವು ರಾಜ್ಯಗಳು ತಮ್ಮ ಮಟ್ಟಿಗೆ ಜೈನರನ್ನು ಅಲ್ಪಸಂಖ್ಯಾತರೆಂದು ಗುರುತಿಸಿದ್ದವು. ಅಂತಿಮವಾಗಿ ದಿನಾಂಕ 27-1-2014ರ ಅಧಿಸೂಚನೆಯ ಮೂಲಕ ಜೈನರು ರಾಷ್ಟ್ರಮಟ್ಟದಲ್ಲಿ ಆರನೆಯ ಅಲ್ಪಸಂಖ್ಯಾತ ಸಮುದಾಯವಾದರು. ಮೊದಲ ಅಧಿಸೂಚನೆಗೂ ಇದಕ್ಕೂ ನಡುವೆ ಇಪ್ಪತ್ತು ವರ್ಷಗಳಿಗಿಂತ ಹೆಚ್ಚಿನ ಅಂತರವಿದೆ.

ಕೌಟುಂಬಿಕ ಕಾನೂನು

2014ರ ಅಧಿಸೂಚನೆಯ ನಂತರ ಉದ್ಭವಿಸಿದ ಅತಿ ಗಂಭೀರವಾದ ಪ್ರಶ್ನೆ ಇದಕ್ಕೆ ಸಂಬಂಧಿಸಿದ್ದು. 2025ರ ಫೆಬ್ರವರಿಯಲ್ಲಿ ಇಂದೋರಿನ ಕೌಟುಂಬಿಕ ನ್ಯಾಯಾಲಯವು, ಪರಸ್ಪರ ಸಮ್ಮತಿಯ ವಿಚ್ಛೇದನ ಕೋರಿ ಜೈನ ದಂಪತಿಗಳು ಹಿಂದೂ ವಿವಾಹ ಅಧಿನಿಯಮದ ಕಲಂ 13ಬಿ ಅಡಿ ಸಲ್ಲಿಸಿದ ಅರ್ಜಿಯನ್ನು ತಿರಸ್ಕರಿಸಿತು. ಜೈನರು ಪ್ರತ್ಯೇಕ ಅಲ್ಪಸಂಖ್ಯಾತ ಸಮುದಾಯವೆಂದು ಅಧಿಸೂಚಿತರಾಗಿರುವ ಕಾರಣ ಹಿಂದೂ ವಿವಾಹ ಅಧಿನಿಯಮದ ಪರಿಹಾರ ಅವರಿಗೆ ಲಭ್ಯವಿಲ್ಲವೆಂಬುದು ಅಲ್ಲಿ ನೀಡಲಾದ ಕಾರಣ. ಇದೇ ತರ್ಕ ಊರ್ಜಿತವಾಗಿದ್ದಲ್ಲಿ ಪರಿಣಾಮ ವಿಚ್ಛೇದನಕ್ಕೆ ಸೀಮಿತವಾಗುತ್ತಿರಲಿಲ್ಲ. ಜೈನ ಮಹಿಳೆಯ ಜೀವನಾಂಶದ ಅರ್ಜಿ, ಮಗಳ ಆಸ್ತಿಯ ಪಾಲು, ದತ್ತುಪುತ್ರನ ಹಕ್ಕು, ಇವೆಲ್ಲ ಯಾವ ಕಾನೂನಿನಡಿ ಎಂಬುದೇ ಅನಿಶ್ಚಿತವಾಗುತ್ತಿತ್ತು. ಏಕೆಂದರೆ ಮುಸ್ಲಿಮರು, ಕ್ರೈಸ್ತರು, ಪಾರ್ಸಿಗಳಿಗೆ ಇರುವಂತೆ ಜೈನರಿಗೆ ಪ್ರತ್ಯೇಕ ವಿವಾಹ ಕಾನೂನು ಇರುವುದಿಲ್ಲ.

2025ರ ಮಾರ್ಚ್‌ನಲ್ಲಿ ಮಧ್ಯಪ್ರದೇಶ ಉಚ್ಚ ನ್ಯಾಯಾಲಯದ ಇಂದೋರ್ ಪೀಠವು ಈ ಆದೇಶವನ್ನು ರದ್ದುಪಡಿಸಿತು. ಅಲ್ಪಸಂಖ್ಯಾತರೆಂದು ಅಧಿಸೂಚಿಸಿದ ಮಾತ್ರಕ್ಕೆ ಯಾವುದೇ ಅಧಿನಿಯಮದ ಸ್ಪಷ್ಟ ಉಪಬಂಧ ತಿದ್ದುಪಡಿಯಾಗುವುದಾಗಲಿ ಅಮಾನ್ಯವಾಗುವುದಾಗಲಿ ಇಲ್ಲವೆಂದು ಅದು ಸ್ಪಷ್ಟಪಡಿಸಿತು. ಬೇರೆ ರಾಜ್ಯದ ಉಚ್ಚ ನ್ಯಾಯಾಲಯದ ತೀರ್ಪು ಕರ್ನಾಟಕದ ನ್ಯಾಯಾಲಯಗಳಿಗೆ ಬದ್ಧಕಾರಿಯಲ್ಲ. ಆದರೆ ಅದು ಆಧರಿಸಿರುವ ಅಧಿನಿಯಮ ಇಲ್ಲಿಯೂ ಅದೇ. ಹಿಂದೂ ವಿವಾಹ ಅಧಿನಿಯಮ, 1955ರ ಕಲಂ 2ರಲ್ಲಿ, ಧರ್ಮದಿಂದ ಬೌದ್ಧ, ಜೈನ ಅಥವಾ ಸಿಖ್ ಆಗಿರುವ ವ್ಯಕ್ತಿಗೂ ಅಧಿನಿಯಮ ಅನ್ವಯಿಸುತ್ತದೆಂದು ಹೆಸರಿಸಿಯೇ ಹೇಳಲಾಗಿದೆ. ಇಲ್ಲಿ ಜೈನರನ್ನು ಹಿಂದೂಗಳೆಂದು ಕರೆದಿಲ್ಲವೆಂಬುದನ್ನು ಗಮನಿಸತಕ್ಕದ್ದು. ಪ್ರತ್ಯೇಕ ಧರ್ಮವೆಂದು ಒಪ್ಪಿಯೇ ಕಾನೂನನ್ನು ವಿಸ್ತರಿಸಲಾಗಿದೆ. 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮ, ದತ್ತಕ ಮತ್ತು ಜೀವನಾಂಶ ಅಧಿನಿಯಮ ಹಾಗೂ ಅಪ್ರಾಪ್ತವಯಸ್ಕತೆ ಮತ್ತು ಪೋಷಕತ್ವ ಅಧಿನಿಯಮಗಳಲ್ಲಿಯೂ ಇದೇ ರೀತಿಯ ಉಪಬಂಧವಿದೆ.

ಆದ್ದರಿಂದ ಜೈನ ವಧೂವರರು ಉಪನೋಂದಣಾಧಿಕಾರಿಯವರ ಕಚೇರಿಯಲ್ಲಿ ಹಿಂದೂ ವಿವಾಹಗಳ ನೋಂದಣಿ ನಿಯಮಗಳಡಿ ವಿವಾಹ ನೋಂದಾಯಿಸಿಕೊಂಡಲ್ಲಿ ಅವರ ಅಲ್ಪಸಂಖ್ಯಾತ ಸ್ಥಾನಮಾನಕ್ಕೆ ಯಾವುದೇ ಬಾಧಕವಿಲ್ಲ. ವಿವಾಹವನ್ನು ವಧು ಅಥವಾ ವರನ ಕಡೆಯ ರೂಢಿಗತ ವಿಧಿಗಳಂತೆ ನೆರವೇರಿಸಬಹುದೆಂದು ಕಲಂ 7 ಹೇಳುವುದರಿಂದ ಜೈನ ವಿಧಿಯ ವಿವಾಹವೂ ಸಿಂಧುವಾಗಿರುತ್ತದೆ. ಇಚ್ಛೆಪಟ್ಟವರು ವಿಶೇಷ ವಿವಾಹ ಅಧಿನಿಯಮ, 1954ರಡಿ ವಿವಾಹವಾಗಬಹುದು. ದಂಪತಿಗಳಿಬ್ಬರೂ ಹಿಂದೂ, ಬೌದ್ಧ, ಸಿಖ್ ಅಥವಾ ಜೈನ ಧರ್ಮದವರಾಗಿದ್ದಲ್ಲಿ, 1976ರಲ್ಲಿ ಸೇರ್ಪಡೆಯಾದ ಕಲಂ 21ಎ ಪ್ರಕಾರ ಅವರ ಅವಿಭಕ್ತ ಕುಟುಂಬದ ಸಂಬಂಧ ಮುರಿಯುವುದಿಲ್ಲ.

ಜೈನ ಜೀವನಕ್ರಮಕ್ಕೆ ನೇರವಾಗಿ ತಟ್ಟುವ ಉಪಬಂಧವೊಂದನ್ನು ಇಲ್ಲಿ ಹೇಳಬೇಕು. ಪತಿ ಅಥವಾ ಪತ್ನಿ ಧಾರ್ಮಿಕ ಶ್ರೇಣಿಯನ್ನು ಸೇರಿ ಲೌಕಿಕ ಜೀವನವನ್ನು ತ್ಯಜಿಸಿದಲ್ಲಿ, ಅದು ಕಲಂ 13(1)(6)ರ ಅಡಿ ವಿಚ್ಛೇದನಕ್ಕೆ ಆಧಾರವಾಗುತ್ತದೆ. ಗೃಹಸ್ಥನೊಬ್ಬ ಮುನಿದೀಕ್ಷೆ ಪಡೆದ ಮಾತ್ರಕ್ಕೆ ವಿವಾಹ ತಾನಾಗಿಯೇ ಅಂತ್ಯವಾಗುವುದಿಲ್ಲ. ಮನೆಯಲ್ಲಿ ಉಳಿದವರು ಬೇಕಿದ್ದಲ್ಲಿ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಬೇಕಾಗುತ್ತದೆ.

ಉತ್ತರಾಧಿಕಾರದ ವಿಷಯದಲ್ಲಿ ಹೆಣ್ಣುಮಕ್ಕಳ ಹಕ್ಕು ಮುಖ್ಯವಾದುದು. ಹಿಂದೂ ಉತ್ತರಾಧಿಕಾರ (ಕರ್ನಾಟಕ ತಿದ್ದುಪಡಿ) ಅಧಿನಿಯಮವು 30-7-1994ರಿಂದ ಜಾರಿಗೆ ಬಂದು, ಆ ದಿನಾಂಕಕ್ಕೆ ಮುಂಚೆ ವಿವಾಹವಾಗಿರದ ಹೆಣ್ಣುಮಕ್ಕಳಿಗೆ ಸಹದಾಯಾದ ಹಕ್ಕನ್ನು ನೀಡಿತ್ತು. 2005ರ ಕೇಂದ್ರ ತಿದ್ದುಪಡಿಯು ವಿವಾಹಿತ, ಅವಿವಾಹಿತ ಎಂಬ ಭೇದವನ್ನು ತೆಗೆದುಹಾಕಿತು. ತಿದ್ದುಪಡಿಯ ದಿನ ತಂದೆ ಜೀವಂತವಿರಬೇಕೆಂಬ ನಿಬಂಧನೆಯಿಲ್ಲವೆಂದು 11-8-2020ರ ವಿನೀತಾ ಶರ್ಮ ತೀರ್ಪಿನಲ್ಲಿ ಸ್ಪಷ್ಟವಾಯಿತು. ಜೈನ ಕುಟುಂಬದ ಮಗಳಿಗೂ ಇದು ಅನ್ವಯಿಸುತ್ತದೆ. ತಾವು ಅಲ್ಪಸಂಖ್ಯಾತರು, ಈ ಕಾನೂನು ತಮಗಿಲ್ಲ ಎಂದು ಸಹೋದರರು ವಾದಿಸಲು ಬರುವುದಿಲ್ಲ.

ದಕ್ಷಿಣ ಕನ್ನಡ ಹಾಗೂ ಉಡುಪಿ ಜಿಲ್ಲೆಗಳ ಜೈನ ಮನೆತನಗಳಲ್ಲಿ ಅಳಿಯಸಂತಾನ ಪದ್ಧತಿಯಿತ್ತು. ಮೂಡುಬಿದಿರೆಯ ಚೌಟ ಅರಸು ಮನೆತನ ಇದಕ್ಕೆ ಪ್ರಸಿದ್ಧ ಉದಾಹರಣೆ. ಮದರಾಸು ಅಳಿಯಸಂತಾನ ಅಧಿನಿಯಮ, 1949 ಇದನ್ನು ಕ್ರಮಬದ್ಧಗೊಳಿಸಿತು. 1956ರ ನಂತರ, ಕುಟುಂಬ ಅಥವಾ ಕವರಿನಲ್ಲಿ ಮೃತ ವ್ಯಕ್ತಿಗಿದ್ದ ಹಿತಾಸಕ್ತಿಯು ಹಿಂದೂ ಉತ್ತರಾಧಿಕಾರ ಅಧಿನಿಯಮದ ಕಲಂ 7ರ ಪ್ರಕಾರ ಆ ಅಧಿನಿಯಮದಂತೆಯೇ ಹಸ್ತಾಂತರವಾಗುತ್ತದೆ. ಹಳೆಯ ವಿಭಾಗ ಪತ್ರಗಳನ್ನು ಪರಿಶೀಲಿಸುವಾಗ ಮರಣದ ದಿನಾಂಕ 1956ರ ಹಿಂದಿನದೋ ಮುಂದಿನದೋ ಎಂಬುದನ್ನು ಮೊದಲು ನೋಡಬೇಕಾಗುತ್ತದೆ. ಆದಾಯ ತೆರಿಗೆಯ ಉದ್ದೇಶಕ್ಕೂ ಜೈನ ಅವಿಭಕ್ತ ಕುಟುಂಬವನ್ನು ಹಿಂದೂ ಅವಿಭಕ್ತ ಕುಟುಂಬವೆಂದೇ ಪರಿಗಣಿಸಲಾಗುತ್ತದೆ. ವ್ಯಾಪಾರಸ್ಥ ಜೈನ ಕುಟುಂಬಗಳು ಬಹುಕಾಲದಿಂದ ಈ ಸೌಲಭ್ಯವನ್ನು ಪಡೆಯುತ್ತಾ ಬಂದಿವೆ. ತೆರಿಗೆಯ ವಿವರಪಟ್ಟಿಯಲ್ಲಿನ ಹಿಂದೂ ಎಂಬ ಪದಕ್ಕೆ ಅಲ್ಲಿ ಯಾರೂ ಆಕ್ಷೇಪವೆತ್ತಿದಂತಿಲ್ಲ.

ಶಿಕ್ಷಣ ಸಂಸ್ಥೆಗಳು

ಜೈನರು ಸ್ಥಾಪಿಸಿ ಆಡಳಿತ ನಡೆಸುವ ಸಂಸ್ಥೆಯು ಅನುಚ್ಛೇದ 30ರ ರಕ್ಷಣೆಗೆ ಅರ್ಹವಾಗಿರುತ್ತದೆ. ಅಲ್ಪಸಂಖ್ಯಾತ ಶಿಕ್ಷಣ ಸಂಸ್ಥೆಗಳ ರಾಷ್ಟ್ರೀಯ ಆಯೋಗ ಅಧಿನಿಯಮ, 2004 ಕೂಡ ಕೇಂದ್ರ ಸರ್ಕಾರದ ಅಧಿಸೂಚಿತ ಸಮುದಾಯಗಳನ್ನೇ ಅವಲಂಬಿಸಿರುವುದರಿಂದ, 2014ರ ನಂತರ ಜೈನ ಸಂಸ್ಥೆಗಳು ಆ ಆಯೋಗದ ಮುಂದೆಯೂ ಸ್ಥಾನಮಾನ ಕೋರಬಹುದಾಗಿದೆ. ಸಂಸ್ಥೆಯ ಅಧ್ಯಕ್ಷರು ಜೈನರೆಂಬ ಒಂದೇ ಕಾರಣಕ್ಕೆ ಅದು ಅಲ್ಪಸಂಖ್ಯಾತ ಸಂಸ್ಥೆಯಾಗುವುದಿಲ್ಲ. ಸ್ಥಾಪನೆಯ ಹಿಂದಿನ ಉದ್ದೇಶ, ಹಣ ಹಾಗೂ ಭೂಮಿಯ ಮೂಲ, ಸ್ಥಾಪನೆಗೆ ಶ್ರಮಿಸಿದವರು ಯಾರು ಎಂಬುದನ್ನು ಪರಿಶೀಲಿಸಬೇಕೆಂದು 8-11-2024ರ ಅಲೀಗಢ ಮುಸ್ಲಿಂ ವಿಶ್ವವಿದ್ಯಾಲಯದ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯ ಬಹುಮತದಿಂದ ಹೇಳಿದೆ. ಆದ್ದರಿಂದ ನ್ಯಾಸಪತ್ರ, ಮೊದಲ ಸಭೆಯ ನಡವಳಿ ಹಾಗೂ ಆರಂಭದ ವರ್ಷಗಳ ಲೆಕ್ಕಪತ್ರಗಳನ್ನು ಸಂಸ್ಥೆಗಳು ಜೋಪಾನವಾಗಿಡುವುದು ಒಳಿತು. ಹಳೆಯ ಖಾತೆಪುಸ್ತಕವನ್ನು ರದ್ದಿಗೆ ಹಾಕಿದ ನಂತರ ಅದರ ಬೆಲೆ ತಿಳಿಯುತ್ತದೆ.

ಎರಡು ಬೇರೆ ಬೇರೆ ಪ್ರಮಾಣಪತ್ರಗಳು

ಸರ್ಕಾರದ ಆದೇಶ ಸಂಖ್ಯೆ ಸಕಇ 225 ಬಿಸಿಎ 2000, ದಿನಾಂಕ 30-3-2002ರ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ದಿಗಂಬರ ಜೈನರು ಪ್ರವರ್ಗ 3ಬಿ ಅಡಿ ಸೇರಿದ್ದಾರೆ. ಇದು ಸಾಮಾಜಿಕ ಹಾಗೂ ಶೈಕ್ಷಣಿಕ ಹಿಂದುಳಿದಿರುವಿಕೆಯನ್ನು ಆಧರಿಸಿದ ಮೀಸಲಾತಿ. ಅಲ್ಪಸಂಖ್ಯಾತ ಸ್ಥಾನಮಾನವು ಧರ್ಮವನ್ನು ಆಧರಿಸಿದ್ದು, ದಿಗಂಬರ ಹಾಗೂ ಶ್ವೇತಾಂಬರರಿಬ್ಬರಿಗೂ ಸಮಾನವಾಗಿದೆ. ಅದರಿಂದ ಸರ್ಕಾರಿ ನೇಮಕಾತಿಯಲ್ಲಿ ಮೀಸಲಾತಿ ದೊರೆಯುವುದಿಲ್ಲ. ಉದ್ಯೋಗದ ಅರ್ಜಿಗೆ ಅಲ್ಪಸಂಖ್ಯಾತ ಪ್ರಮಾಣಪತ್ರವನ್ನು ಲಗತ್ತಿಸಿ 3ಬಿ ಮೀಸಲಾತಿ ಕೋರುವುದು, ವಿದ್ಯಾರ್ಥಿ ವೇತನದ ಅರ್ಜಿಗೆ 3ಬಿ ಪ್ರಮಾಣಪತ್ರವನ್ನು ಮಾತ್ರ ಲಗತ್ತಿಸುವುದು, ಈ ಎರಡು ತಪ್ಪುಗಳು ಮತ್ತೆ ಮತ್ತೆ ಆಗುತ್ತವೆ. ನಿಗದಿತ ದಿನಾಂಕ ಮೀರಿದ ಮೇಲೆ ಸರಿಯಾದ ಪ್ರಮಾಣಪತ್ರ ತಂದರೂ ಪ್ರಯೋಜನವಾಗದು. 1986ರಲ್ಲಿ ಸ್ಥಾಪನೆಯಾದ ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಶೈಕ್ಷಣಿಕ ಸಾಲ ಮುಂತಾದ ಯೋಜನೆಗಳಿಗೆ ಧರ್ಮವನ್ನು ದೃಢೀಕರಿಸುವ ದಾಖಲೆ ಅಗತ್ಯ.

ಆಚರಣೆಗಳು ಮತ್ತು ಸ್ಮಾರಕಗಳು

ಸಲ್ಲೇಖನ ವ್ರತದ ಬಗ್ಗೆ ಸಂಕ್ಷಿಪ್ತವಾಗಿ ಹೇಳುವುದಾದರೆ, 10-8-2015ರಂದು ರಾಜಸ್ಥಾನ ಉಚ್ಚ ನ್ಯಾಯಾಲಯವು ಇದನ್ನು ಜೈನ ಧರ್ಮದ ಅತ್ಯಾವಶ್ಯಕ ಆಚರಣೆಯಲ್ಲವೆಂದು ಹೇಳಿ, ಆತ್ಮಹತ್ಯಾ ಯತ್ನವೆಂದು ಪರಿಗಣಿಸಲು ನಿರ್ದೇಶಿಸಿತ್ತು. ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯ ಆ ಆದೇಶಕ್ಕೆ ತಡೆ ನೀಡಿತು. ಚಂದ್ರಗಿರಿಯ ಬಂಡೆಗಳ ಮೇಲೆ ಸಾವಿರದ ಮುನ್ನೂರು ವರ್ಷಗಳಿಗೂ ಹಿಂದಿನಿಂದ ಸಲ್ಲೇಖನದ ನಿಸಿದಿ ಶಾಸನಗಳು ದೊರೆಯುವ ಕರ್ನಾಟಕದಲ್ಲಿ ಈ ತೀರ್ಪು ವ್ಯಾಪಕ ಚರ್ಚೆಗೆ ಕಾರಣವಾಯಿತು. 1-7-2024ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆತ್ಮಹತ್ಯಾ ಯತ್ನಕ್ಕೆ ಹಿಂದಿನ ದಂಡ ಸಂಹಿತೆಯ ಕಲಂ 309ರಂತಹ ಸಾಮಾನ್ಯ ಉಪಬಂಧವಿಲ್ಲ. ಆತ್ಮಹತ್ಯೆಗೆ ದುಷ್ಪ್ರೇರಣೆ ನೀಡುವುದು ಮಾತ್ರ ಈಗಲೂ ಅಪರಾಧ. ವ್ರತ ಸ್ವೀಕಾರದಲ್ಲಿ ಒತ್ತಾಯವಿರಕೂಡದೆಂಬುದು ಜೈನ ಶಾಸ್ತ್ರದ ನಿಯಮವೂ ಆಗಿರುತ್ತದೆ.

ರಾಜ್ಯದ ಅನೇಕ ಬಸದಿಗಳು ಹಾಗೂ ಶ್ರವಣಬೆಳಗೊಳದ ಗೊಮ್ಮಟೇಶ್ವರ ಮೂರ್ತಿ ಸಂರಕ್ಷಿತ ಸ್ಮಾರಕಗಳು. ಸ್ಮಾರಕವೆಂದು ಘೋಷಿಸಿದ ಕಾರಣಕ್ಕೆ ಪೂಜೆ ನಿಲ್ಲುವುದಿಲ್ಲ. ಪ್ರಾಚೀನ ಸ್ಮಾರಕಗಳ ಕೇಂದ್ರ ಅಧಿನಿಯಮ, 1958ರ ಕಲಂ 16ರಂತೆ, ಪೂಜಾಸ್ಥಳವಾಗಿರುವ ಸಂರಕ್ಷಿತ ಸ್ಮಾರಕವನ್ನು ಅದರ ಸ್ವರೂಪಕ್ಕೆ ಹೊಂದದ ಉದ್ದೇಶಕ್ಕೆ ಬಳಸತಕ್ಕದ್ದಲ್ಲ. 2018ರ ಮಹಾಮಸ್ತಕಾಭಿಷೇಕವು ಸಂರಕ್ಷಣೆಯ ನಿಬಂಧನೆಗಳ ನಡುವೆಯೇ ನೆರವೇರಿತು. ಸಹಬಾಳ್ವೆಗೆ ಶಾಸನದ ಬಲವಿಲ್ಲದ ಉದಾಹರಣೆಯೂ ಇದೆ: ಧರ್ಮಸ್ಥಳದಲ್ಲಿ ದೇವರು ಮಂಜುನಾಥ, ಅರ್ಚಕರು ಮಾಧ್ವ ಬ್ರಾಹ್ಮಣರು, ಹೆಗ್ಗಡೆ ಮನೆತನ ಜೈನ.

ದಾಖಲೆಗಳಲ್ಲಿನ ನಮೂದು

ಶಾಲಾ ದಾಖಲಾತಿಗಳಲ್ಲಿ "ಹಿಂದೂ ಜೈನ" ಎಂಬ ನಮೂದು ಹಲವೆಡೆ ಕಂಡುಬರುತ್ತದೆ. ಕೆಲವೊಮ್ಮೆ ಧರ್ಮದ ಕಾಲಂನಲ್ಲಿ ಹಿಂದೂ ಎಂದೂ, ಜಾತಿಯ ಕಾಲಂನಲ್ಲಿ ಜೈನ ಅಥವಾ ಚತುರ್ಥ ಎಂದೂ ಬರೆದಿರುತ್ತಾರೆ. ದಾಖಲು ಮಾಡಿದ ದಿನ ಯಾರ ಗಮನಕ್ಕೂ ಬಾರದ ಈ ನಮೂದು, ಹತ್ತು ಹನ್ನೆರಡು ವರ್ಷಗಳ ನಂತರ ವಿದ್ಯಾರ್ಥಿ ಅಲ್ಪಸಂಖ್ಯಾತರ ಯೋಜನೆಗೆ ಅರ್ಜಿ ಸಲ್ಲಿಸಿದಾಗ ತೊಡಕಾಗುತ್ತದೆ. ಪೋಷಕರು ಮಗುವನ್ನು ಶಾಲೆಗೆ ಸೇರಿಸುವಾಗಲೇ ಧರ್ಮದ ಕಾಲಂನಲ್ಲಿ ಜೈನ ಎಂದೂ, ಜಾತಿಯ ಕಾಲಂನಲ್ಲಿ ಸಂಬಂಧಿಸಿದ ಪಂಗಡವನ್ನೂ ಬರೆಸಿ, ನಮೂದನ್ನು ಓದಿ ಸಹಿ ಮಾಡುವುದು ಸೂಕ್ತ.

ಜನಗಣತಿಯಲ್ಲಿಯೂ ಇದೇ ಮಾತು. 2011ರ ಗಣತಿಯ ನಮೂನೆಯಲ್ಲಿ ಜೈನ ಧರ್ಮಕ್ಕೆ ಪ್ರತ್ಯೇಕ ಸಂಕೇತವಿತ್ತು. ಮುಂದಿನ ಗಣತಿಗೆ 1-3-2027ನ್ನು ಆಧಾರ ದಿನಾಂಕವಾಗಿ 2025ರ ಜೂನ್ ತಿಂಗಳ ಅಧಿಸೂಚನೆಯಲ್ಲಿ ಪ್ರಕಟಿಸಲಾಗಿದೆ. ಧರ್ಮದ ಪ್ರಶ್ನೆಗೆ ಕುಟುಂಬದವರು ನೀಡಿದ ಉತ್ತರವನ್ನೇ ಗಣತಿದಾರರು ಬರೆದುಕೊಳ್ಳತಕ್ಕದ್ದು. ಹೆಸರು, ಪಂಗಡ ಅಥವಾ ಮನೆಯಲ್ಲಿನ ದೇವರ ಪಟಗಳನ್ನು ನೋಡಿ ಊಹಿಸಿ ಬರೆಯುವಂತಿಲ್ಲ.